ತವರಿಗೆ ಬಂದ ಲ್ಯಾಪ್‌ಟಾಪ್ ತಡವರಿಸುವುದೇಕೆ?

"ನೆಟ್ ಸ್ಲೋ ಇದೆ" ಎಂಬ ದೂರು ಈಗ ಮನೆಮನೆಯ ಮಾತಾಗಿದೆ. ಹಾಲು ಒಡೆಯಿತು, ಗ್ಯಾಸ್ ಮುಗಿಯಿತು ಎನ್ನುವ ಹಾಗೆ ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಆದರೆ ಈ ನಿಧಾನದಲ್ಲಿ ಎರಡು ಜಾತಿ ಉಂಟು ಎಂಬುದನ್ನು ಗಮನಿಸಿದವರು ಕಡಿಮೆ. ಒಂದು, ಬೇಸಿಗೆಯ ನಲ್ಲಿಯ ಹಾಗೆ. ತಿರುಗಿಸಿದ ಕೂಡಲೇ ನೀರೇನೋ ಬರುತ್ತದೆ, ಆದರೆ ನೂಲಿನಷ್ಟು ಸಣ್ಣಗೆ. ಕೊಡ ತುಂಬುವ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತದೆ. ಇನ್ನೊಂದು ಹಾಗಲ್ಲ. ನಲ್ಲಿ ತಿರುಗಿಸಿ ಹತ್ತು ಎಣಿಸಿದರೂ ಒಂದು ಹನಿಯಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಧೋ ಎಂದು ಸುರಿದು ಕೊಡ ತುಂಬಿಯೇ ಬಿಡುತ್ತದೆ.

ಮೊದಲನೆಯ ಜಾತಿಗೆ ಹೆಚ್ಚು ಹಣ ಕೊಟ್ಟು ದೊಡ್ಡ ಪ್ಯಾಕ್ ಹಾಕಿಸಿಕೊಂಡರೆ ಪರಿಹಾರ ಸಿಕ್ಕೀತು. ಎರಡನೆಯದಕ್ಕೆ ಎಷ್ಟು ಹಣ ಸುರಿದರೂ ಅಷ್ಟೇ. ಏಕೆಂದರೆ ಅಲ್ಲಿ ಕೊಳವೆ ಸಣ್ಣದಲ್ಲ. ನೀರು ಯಾವ ಟ್ಯಾಂಕಿನಿಂದ ಬರಬೇಕೆಂದು ವಿಚಾರಿಸುವುದರಲ್ಲೇ ಹೊತ್ತು ಹೋಗುತ್ತಿರುತ್ತದೆ. ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ವೈ-ಫೈನಿಂದ ಇನ್ನೊಂದು ವೈ-ಫೈಗೆ ಓಡಾಡುವ ಲ್ಯಾಪ್‌ಟಾಪುಗಳಿಗೆ ಈ ಕಾಯಿಲೆ ಹೆಚ್ಚು. ಓದುವ, ದುಡಿಯುವ ಮಕ್ಕಳು ಲ್ಯಾಪ್‌ಟಾಪನ್ನು ಬೆನ್ನಿಗೆ ಕಟ್ಟಿಕೊಂಡೇ ಮನೆಗೆ ಬರುವ ಈ ಕಾಲದಲ್ಲಿ ಇದರ ಮರ್ಮವನ್ನು ನಾವು ಮನೆಯ ಹೆಂಗಸರೂ ತಿಳಿದಿರುವುದು ಒಳ್ಳೆಯದು. ಇದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ನನ್ನ ಓದು ಎಸ್.ಎಸ್.ಎಲ್.ಸಿ.ಗೇ ನಿಂತಿತು, ಈ ಕೆಲಸಕ್ಕೆ ಅಷ್ಟು ಸಾಕಾಯಿತು.

ನಾವು ಇಂಟರ್‌ನೆಟ್ಟಿನಲ್ಲಿ ಏನನ್ನು ನೋಡಬೇಕಾದರೂ ಒಂದು ಹೆಸರನ್ನು ಬರೆಯುತ್ತೇವೆ. ಬ್ಯಾಂಕಿನ ಹೆಸರು, ಪತ್ರಿಕೆಯ ಹೆಸರು, ರೈಲ್ವೆಯ ಹೆಸರು. ಆದರೆ ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಹೆಸರಿನಿಂದಲ್ಲ, ನಂಬರಿನಿಂದ. ನಮ್ಮ ಮೊಬೈಲಿನಲ್ಲಿ "ಹಾಲಿನ ಶಂಕ್ರಪ್ಪ" ಎಂದು ಬರೆದಿಟ್ಟುಕೊಂಡರೂ ಫೋನು ಡಯಲ್ ಮಾಡುವುದು ಹತ್ತಂಕಿಯ ನಂಬರನ್ನೇ ತಾನೇ, ಹಾಗೆ. ಆದ್ದರಿಂದ ನೀವು ಹೆಸರು ಬರೆದು ಎಂಟರ್ ಒತ್ತಿದ ಕೂಡಲೇ ಲ್ಯಾಪ್‌ಟಾಪ್ ಮಾಡುವ ಮೊದಲ ಕೆಲಸ "ಈ ಹೆಸರಿನವರ ನಂಬರೇನು?" ಎಂದು ಒಬ್ಬರನ್ನು ಕೇಳುವುದು. ಹಾಗೆ ಉತ್ತರ ಹೇಳುವ ಕಂಪ್ಯೂಟರಿಗೆ ಡಿಎನ್ಎಸ್ ಸರ್ವರ್ ಎಂದು ಹೆಸರು. ಎಲ್ಲವೂ ಸರಿಯಿದ್ದರೆ ಈ ಪ್ರಶ್ನೋತ್ತರ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಹಾಗೊಂದು ನಡೆಯಿತೆಂದೇ ನಮಗೆ ಗೊತ್ತಾಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗದು. ಈ ಹೆಸರು-ನಂಬರುಗಳ ಪಟ್ಟಿಯನ್ನು ಮೊದಮೊದಲು ಜೋಪಾನ ಮಾಡಿದ್ದು ಒಬ್ಬ ಹೆಂಗಸಿನ ನೇತೃತ್ವದ ಕಛೇರಿ. ಎಲಿಜಬೆತ್ ಫೈನ್ಲರ್ ಅವರ ಹೆಸರು. 1931ರಲ್ಲಿ ಹುಟ್ಟಿದವರು, ಓದಿದ್ದು ರಸಾಯನಶಾಸ್ತ್ರ. ಎಲ್ಲರೂ "ಜೇಕ್" ಎಂದೇ ಕರೆಯುತ್ತಿದ್ದರಂತೆ. ಇಂಟರ್‌ನೆಟ್ಟಿನ ಅಜ್ಜಿ ಎನ್ನಬಹುದಾದ ಆರ್ಪಾನೆಟ್ ಎಂಬ ಜಾಲಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಮಾಹಿತಿ ಕೇಂದ್ರದಲ್ಲಿ 1972ರಿಂದ 1989ರವರೆಗೆ ದುಡಿದರು. ಜಾಲಕ್ಕೆ ಹೊಸದಾಗಿ ಕಂಪ್ಯೂಟರ್ ಸೇರಿಸುವವರು ಇವರ ಕಛೇರಿಗೆ ತಿಳಿಸಬೇಕು. ಇವರು ಪಟ್ಟಿಗೆ ಒಂದು ಸಾಲು ಸೇರಿಸಬೇಕು. ಉಳಿದವರೆಲ್ಲ ಆ ಪಟ್ಟಿಯ ಪ್ರತಿ ತರಿಸಿಕೊಳ್ಳಬೇಕು. ಕಂಪ್ಯೂಟರುಗಳು ಹೆಚ್ಚಿದಂತೆ ಒಂದೇ ಪಟ್ಟಿಯಿಂದ ಸಂಸಾರ ಸಾಗದಾಯಿತು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ಎಂಬುವರು ಪಟ್ಟಿಯನ್ನು ಒಡೆದು ಲೋಕಕ್ಕೆಲ್ಲ ಹಂಚುವ ಏರ್ಪಾಡನ್ನು ರೂಪಿಸಿದರು. ಅದೇ ಡಿಎನ್ಎಸ್. ಡಾಟ್ ಕಾಮ್, ಡಾಟ್ ಗೌ ಎಂಬ ಬಾಲಗಳು ಗೊತ್ತಾದುದರಲ್ಲಿಯೂ ಫೈನ್ಲರ್ ಅವರ ತಂಡದ ಕೈಯಿದೆ. ಇಂದಿಗೆ ಕನ್ನಡ ಅಕ್ಷರದಲ್ಲಿಯೇ ಡಾಟ್ ಭಾರತ ಎಂಬ ಬಾಲವೂ ಉಂಟು. ಆ ಹಳೆಯ ಪಟ್ಟಿಯ ಕುರುಹಾಗಿ ಹೋಸ್ಟ್ಸ್ ಎಂಬ ಚಿಕ್ಕ ಕಡತ ಇಂದಿನ ಪ್ರತಿಯೊಂದು ಲ್ಯಾಪ್‌ಟಾಪಿನ ಮೂಲೆಯಲ್ಲೂ ಇನ್ನೂ ಕುಳಿತಿದೆ.

ಇನ್ನು ನಮ್ಮ ತೊಂದರೆಗೆ ಬರೋಣ. ಲ್ಯಾಪ್‌ಟಾಪಿಗೆ "ಯಾರನ್ನು ಕೇಳಬೇಕು" ಎಂಬುದು ಹೇಗೆ ಗೊತ್ತಾಗುತ್ತದೆ? ಅದು ಯಾವುದೇ ಮನೆಯ ವೈ-ಫೈ ಸೇರಿದಾಗ ಆ ಮನೆಯ ರೂಟರ್, ಅಂದರೆ ಗೋಡೆಯ ಮೇಲೆ ಮಿಣುಮಿಣು ದೀಪ ಹಾಕಿಕೊಂಡು ಕುಳಿತ ಡಬ್ಬಿ, ಬಂದ ನೆಂಟರಿಗೆ ಹೇಳುವಂತೆ ಮೂರು ವಿಷಯ ಹೇಳುತ್ತದೆ. ಇದು ನಿನ್ನ ನಂಬರು. ಹೊರಗೆ ಹೋಗುವ ಬಾಗಿಲು ಇದು. ಹೆಸರು ವಿಚಾರಿಸಬೇಕಾದರೆ ಇವರನ್ನು ಕೇಳು. ಹೀಗೆ ತಾನಾಗಿ ಹೇಳಿಕೊಡುವ ಪದ್ಧತಿಗೆ ಡಿಎಚ್‌ಸಿಪಿ ಎನ್ನುತ್ತಾರೆ. ಸಾಮಾನ್ಯವಾಗಿ ಮನೆಗಳಲ್ಲಿ ಬಾಗಿಲೂ ಆ ಡಬ್ಬಿಯೇ, ಹೆಸರು ಕೇಳಬೇಕಾದ್ದೂ ಆ ಡಬ್ಬಿಯನ್ನೇ.

ಆದರೆ ಯಾರಾದರೂ ಲ್ಯಾಪ್‌ಟಾಪಿನೊಳಗೆ ಕೈಯಿಂದಲೇ "ಯಾವಾಗಲೂ ಈ ನಂಬರನ್ನೇ ಕೇಳು" ಎಂದು ಬರೆದುಬಿಟ್ಟಿದ್ದರೆ? ಆಗ ಹೊಸ ಮನೆಯ ಡಬ್ಬಿ ಏನು ಹೇಳಿದರೂ ಲ್ಯಾಪ್‌ಟಾಪ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹಳೆಯ ಕಡೆಯ ನಂಬರನ್ನೇ ಕೂಗುತ್ತದೆ.

ಶಿವಮೊಗ್ಗೆಯಲ್ಲಿ ಗಾಂಧಿ ಬಜಾರ್ ಇದೆ, ಬೆಂಗಳೂರಿನ ಬಸವನಗುಡಿಯಲ್ಲೂ ಗಾಂಧಿ ಬಜಾರ್ ಇದೆ. "ಗಾಂಧಿ ಬಜಾರಿನ ಮೂಲೆ ಅಂಗಡಿಯವನನ್ನು ಕೇಳು" ಎಂದು ಬೆಂಗಳೂರಿನವರು ಹೇಳಿದ್ದನ್ನು ನಂಬಿಕೊಂಡು ಶಿವಮೊಗ್ಗೆಯಲ್ಲಿ ಹುಡುಕಿದರೆ ಆ ಅಂಗಡಿ ಸಿಕ್ಕೀತೇ? ಡಬ್ಬಿಗಳ ನಂಬರುಗಳೂ ಹೀಗೆಯೇ. 192.168 ಎಂದು ಶುರುವಾಗುವ ನಂಬರುಗಳು ಮನೆಯೊಳಗಿನ ಬಳಕೆಗೆಂದೇ ಬಿಟ್ಟವು. ಲೋಕದಲ್ಲಿ ಲಕ್ಷಾಂತರ ಮನೆಗಳಲ್ಲಿ ಅವೇ ನಂಬರು ಬೇರೆಬೇರೆ ಡಬ್ಬಿಗಳಿಗೆ ಇರುತ್ತವೆ. ಒಂದು ಮನೆಯಲ್ಲಿ 192.168.1.1, ಇನ್ನೊಂದು ಮನೆಯಲ್ಲಿ 192.168.0.1. ಮನೆಯ ಹೊಸಲು ದಾಟಿದರೆ ಆ ನಂಬರಿಗೆ ಅರ್ಥವಿಲ್ಲ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಗಳು ಬೆಂಗಳೂರಿನಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದಾಳೆ, ಪಿ.ಜಿ.ಯಲ್ಲಿ ವಾಸ. ದಿನವೂ ನೂರಾರು ಅಂಗಡಿಗಳ ಇಂಟರ್‌ನೆಟ್ ಪುಟ ತೆರೆದು ಬೆಲೆ, ವಿಳಾಸ ಸರಿಯಿದೆಯೇ ಎಂದು ನೋಡಿ ಬರೆದುಕೊಳ್ಳುವ ಕೆಲಸ. ಲ್ಯಾಪ್‌ಟಾಪ್ ಅವಳದೇ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಮತ್ತು ಸೋಮವಾರ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಇತ್ತು. ಎಂದರೆ ಗುರುವಾರ ರಾತ್ರಿಯ ರೈಲಿಗೆ ಬಂದರೆ ಸೋಮವಾರ ರಾತ್ರಿಯವರೆಗೆ ನಮ್ಮ ಜೊತೆ. ತಾಯಂದಿರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಲ ಬಂದವಳು ಸಪ್ಪಗೆ ಕುಳಿತಿದ್ದಳು.

"ಅಮ್ಮಾ, ಪಿ.ಜಿ.ಲಿದ್ದ ದಿನ ನನ್ನ ಲೆಕ್ಕ ಪೂರ್ತಿ ಇರುತ್ತೆ, ಮನೇಲಿದ್ದ ದಿನ ಅರ್ಧ ಆಗುತ್ತೆ. ಮನೆಗೆ ಹೋಗಿ ಆರಾಮಾಗಿ ಕೂತಿರ್ತೀಯ ಅಂತ ಮ್ಯಾನೇಜರ್ ಹೇಳ್ತಾರೆ. ಮುಂದಿನ ತಿಂಗಳಿಂದ ಮನೆಯಿಂದ ಕೆಲಸ ಇಲ್ಲ ಅಂತ."

ಅವಳು ಆರಾಮಾಗಿ ಕುಳಿತಿರಲಿಲ್ಲ ಎಂಬುದು ಎದುರಿಗೇ ಕಾಣುತ್ತಿತ್ತು. ಒಂದೊಂದು ಅಂಗಡಿಯ ಪುಟ ತೆರೆಯಲೂ ಏಳೆಂಟು ಸೆಕೆಂಡು ಬಿಳಿ ಪರದೆ. ಆಮೇಲೆ ಒಮ್ಮೆಲೇ ಚಿತ್ರಗಳೆಲ್ಲ ಬಂದುಬಿಡುತ್ತಿದ್ದವು. ನಮ್ಮವರು ಇಂಟರ್‌ನೆಟ್ ಕಂಪನಿಗೆ ಫೋನು ಮಾಡಿದರೆ, "ಲೈನ್ ಸರಿಯಿದೆ ಸರ್, ಬೇಕಾದರೆ ದೊಡ್ಡ ಪ್ಲ್ಯಾನ್ ತಗೊಳ್ಳಿ" ಎಂದರು. ರಿಪೇರಿ ಅಂಗಡಿಗೆ ಕೊಂಡುಹೋದರೆ, ಅಲ್ಲಿನ ವೈ-ಫೈನಲ್ಲೂ ಹಾಗೆಯೇ ತಡವರಿಸಿತು. "ಡಿಸ್ಕ್ ಹಳೇದಾಗಿದೆ, ಬದಲಾಯಿಸಿ ಫಾರ್ಮ್ಯಾಟ್ ಮಾಡಬೇಕು, ಆರೂವರೆ ಸಾವಿರ ಆಗುತ್ತೆ" ಎಂದು ಅಂಗಡಿಯಾತ ಚೀಟಿ ಬರೆದುಕೊಟ್ಟ.

ಚೀಟಿಯನ್ನು ಸಕ್ಕರೆ ಡಬ್ಬದ ಕೆಳಗಿಟ್ಟು ನಾನು ಯೋಚಿಸಿದೆ. ನನ್ನ ಮೊಬೈಲು ಅದೇ ವೈ-ಫೈನಲ್ಲಿ ಅದೇ ಪುಟವನ್ನು ಚಿಟಿಕೆ ಹೊಡೆಯುವುದರಲ್ಲಿ ತೆರೆಯುತ್ತಿತ್ತು. ಆದ್ದರಿಂದ ಲೈನಿನ ದೋಷವಲ್ಲ. ಲ್ಯಾಪ್‌ಟಾಪಿನಲ್ಲಿ ಸಿನಿಮಾ ಹಾಕಿದರೆ ಶುರುವಾಗುವುದು ತಡ, ಶುರುವಾದ ಮೇಲೆ ಎಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಡಿಸ್ಕಿನ ದೋಷವೂ ಇರಲಾರದು. ಒಮ್ಮೆ ತೆರೆದ ಪುಟವನ್ನು ಐದು ನಿಮಿಷದಲ್ಲಿ ಮತ್ತೆ ತೆರೆದರೆ ತಡವೇ ಇಲ್ಲ. ಹೊಸ ಹೆಸರಿಗೆ ಮಾತ್ರ ತಡ! ಮೇಲಾಗಿ ಬೆಂಗಳೂರಿನಲ್ಲಿ ಇದೇ ಲ್ಯಾಪ್‌ಟಾಪ್ ಗಾಳಿಯ ಹಾಗೆ ಓಡುತ್ತದೆ. ಕಾಲೇಜೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನಮ್ಮಣ್ಣನ ಮಗನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. "ಅತ್ತೆ, ನೀವು ಅರ್ಧ ಕೆಲಸ ಮುಗಿಸಿದ್ದೀರಿ. ಉಳಿದರ್ಧ ನಾನು ಹೇಳಿದ ಹಾಗೆ ಬರೀರಿ" ಎಂದ. ಅವನು ಹೇಳಿಸಿದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ, ನಿಮ್ಮ ಮನೆಯಲ್ಲೂ ಮಾಡಿ ನೋಡಬಹುದು. ಇಷ್ಟರಿಂದ ಯಾವುದೂ ಕೆಡುವುದಿಲ್ಲ, ಬರೀ ನೋಡುವುದಷ್ಟೆ.

ಕೀಬೋರ್ಡಿನಲ್ಲಿ ಕಿಟಕಿಯ ಗುರುತಿರುವ ಗುಂಡಿಯನ್ನು ಒತ್ತಿ, ಇಂಗ್ಲಿಷಿನಲ್ಲಿ ಸಿ, ಎಂ, ಡಿ ಎಂದು ಮೂರಕ್ಷರ ಬರೆದು ಎಂಟರ್ ಒತ್ತಬೇಕು. ಕಪ್ಪು ಹಲಗೆಯಂಥ ಒಂದು ಕಿಟಕಿ ತೆರೆಯುತ್ತದೆ. ಹೆದರಬೇಡಿ. ಅಲ್ಲಿ ಪಿಂಗ್ ಎಂದು ಬರೆದು, ಒಂದು ಜಾಗ ಬಿಟ್ಟು, 8.8.8.8 ಎಂದು ಬರೆದು ಎಂಟರ್ ಒತ್ತಿ. ಇದು ಗೂಗಲ್ ಕಂಪನಿ 2009ರಿಂದ ಸಾರ್ವಜನಿಕರಿಗೆಂದು ನಡೆಸುತ್ತಿರುವ ಒಂದು ಡಿಎನ್ಎಸ್ ಸರ್ವರಿನ ನಂಬರು, ಬಾಯಿಪಾಠಕ್ಕೆ ಸುಲಭ. "ರಿಪ್ಲೈ" ಎಂದು ನಾಲ್ಕು ಸಾಲು ಟಕಟಕನೆ ಬಂದರೆ ರಸ್ತೆ ಚೆನ್ನಾಗಿದೆ ಎಂದರ್ಥ. ಇಲ್ಲಿ ನಾವು ಹೆಸರು ಹೇಳಲಿಲ್ಲ, ನಂಬರನ್ನೇ ಕೊಟ್ಟೆವು. ಆದ್ದರಿಂದ ಯಾರನ್ನೂ ವಿಚಾರಿಸುವ ಪ್ರಮೇಯ ಬರಲಿಲ್ಲ. ನಮ್ಮಲ್ಲಿ ನಾಲ್ಕೂ ಸಾಲು ಒಡನೆಯೇ ಬಂದವು.

ಆಮೇಲೆ ಎನ್ಎಸ್‌ಲುಕಪ್ ಎಂದು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಯಾವುದಾದರೂ ಒಂದು ತಾಣದ ಹೆಸರು ಬರೆಯಬೇಕು. ಇದು ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮೊದಲು ಇರುವ ಸರ್ವರನ್ನು ಮಾತ್ರ ಕೇಳುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಏನಾಯಿತು ಗೊತ್ತೇ? "ರಿಕ್ವೆಸ್ಟ್ ಟೈಮ್ಡ್ ಔಟ್, ಟೈಮ್‌ಔಟ್ ವಾಸ್ 2 ಸೆಕೆಂಡ್ಸ್" ಎಂದು ಬಂದಿತು. ಮತ್ತೆ ಅದೇ, ಮತ್ತೆ ಅದೇ. ಕೇಳಿದವರು ಪಿಟ್ಟೆನ್ನಲಿಲ್ಲ ಎಂದು ಅದರ ತಾತ್ಪರ್ಯ. ಅದೇ ಆಜ್ಞೆಯನ್ನು ಮತ್ತೊಮ್ಮೆ ಬರೆದು, ಹೆಸರಾದ ಮೇಲೆ ಜಾಗ ಬಿಟ್ಟು 8.8.8.8 ಎಂದು ಸೇರಿಸಿದಾಗ (ಎಂದರೆ "ಅವನನ್ನು ಬಿಡು, ಇವನನ್ನು ಕೇಳು" ಎಂದಂತೆ) ಉತ್ತರ ತಕ್ಷಣ ಬಂತು. ಕಳ್ಳ ಸಿಕ್ಕಿಬಿದ್ದ.

ಕೊನೆಗೆ ಐಪಿಕಾನ್ಫಿಗ್ ಎಂದು ಕೂಡಿಸಿ ಬರೆದು, ಜಾಗ ಬಿಟ್ಟು, ಮುಂದಕ್ಕೆ ಬಾಗಿದ ಗೆರೆಯೊಂದನ್ನು ಹಾಕಿ ಅದಕ್ಕೆ ತಾಗಿಸಿ ಆಲ್ ಎಂದು ಬರೆಯಬೇಕು. ಉದ್ದನೆಯ ಪಟ್ಟಿ ಬೀಳುತ್ತದೆ. ಅದರಲ್ಲಿ ವೈ-ಫೈ ಎಂಬ ತಲೆಬರಹದ ಕೆಳಗೆ ಎರಡೇ ಸಾಲು ನೋಡಿದರೆ ಸಾಕು: ಡಿಫಾಲ್ಟ್ ಗೇಟ್‌ವೇ, ಎಂದರೆ ಬಾಗಿಲು; ಡಿಎನ್ಎಸ್ ಸರ್ವರ್ಸ್, ಎಂದರೆ ಹೆಸರು ಕೇಳಬೇಕಾದವರು. ನಮ್ಮ ಬಾಗಿಲು 192.168.1.1. ಕೇಳಬೇಕಾದವರಲ್ಲಿ ಮೊದಲನೆಯದು 192.168.0.1, ಎರಡನೆಯದು 8.8.8.8. ನಮ್ಮ ಮನೆಯಲ್ಲಿ 192.168.0.1 ಎಂಬ ಪ್ರಾಣಿಯೇ ಇಲ್ಲ!

"ಇದು ಪಿ.ಜಿ.ದು ಕಣಮ್ಮಾ" ಎಂದು ಮಗಳು ಹಣೆ ಬಡಿದುಕೊಂಡಳು. ವರ್ಷದ ಹಿಂದೆ ಅಲ್ಲಿ ವೈ-ಫೈ ಕೆಟ್ಟಾಗ ಬಂದ ಹುಡುಗನೊಬ್ಬ ಎಲ್ಲರ ಲ್ಯಾಪ್‌ಟಾಪಿನಲ್ಲೂ ಈ ಎರಡು ನಂಬರು ಬರೆದು ಹೋಗಿದ್ದನಂತೆ. ಅಲ್ಲಿ ಮೊದಲನೆಯ ನಂಬರು ಇದ್ದ ಡಬ್ಬಿಯೇ ಅಲ್ಲಿನ ಡಬ್ಬಿ; ಕೂಡಲೇ ಉತ್ತರ ಕೊಡುತ್ತಿತ್ತು. ಇಲ್ಲಿ ಲ್ಯಾಪ್‌ಟಾಪು ಮೊದಲು ಇಲ್ಲದವರನ್ನು ಕೂಗಿ, ಉತ್ತರಕ್ಕಾಗಿ ಕಾದು, ಬೇಸತ್ತು ಎರಡನೆಯವರನ್ನು ಕೇಳುತ್ತಿತ್ತು. ವಿಂಡೋಸ್ ಹಾಗೆ ಕಾಯುವುದು ಮೊದಲ ಸಲಕ್ಕೆ ಒಂದು ಸೆಕೆಂಡಿನಷ್ಟು. ಒಂದು ಸೆಕೆಂಡು ಏನು ಮಹಾ ಎನ್ನಬೇಡಿ. ಈಗಿನ ಒಂದೊಂದು ಪುಟವೂ ಮದುವೆಮನೆ ಇದ್ದ ಹಾಗೆ. ಚಿತ್ರ ಒಂದು ಕಡೆಯಿಂದ, ಅಕ್ಷರ ಇನ್ನೊಂದು ಕಡೆಯಿಂದ, ಜಾಹೀರಾತು ಹತ್ತು ಕಡೆಯಿಂದ ಬರಬೇಕು. ಒಬ್ಬರು ಬಂದ ಮೇಲೆ ಅವರು ಇನ್ನೊಬ್ಬರ ಹೆಸರು ಹೇಳುತ್ತಾರೆ. ಪ್ರತಿಯೊಂದು ಹೆಸರಿಗೂ ಮತ್ತೆ ಅದೇ ಕಾಯುವಿಕೆ. ಹೀಗೆ ಒಂದೊಂದೇ ಸೆಕೆಂಡು ಸೇರಿ ಏಳೆಂಟಾಗುತ್ತದೆ, ಏಳೆಂಟು ಸೆಕೆಂಡು ನೂರಾರು ಅಂಗಡಿಗೆ ಸೇರಿ ಹುಡುಗಿಯ ಅರ್ಧ ದಿನದ ಲೆಕ್ಕ ಹೋಗುತ್ತದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿರುವ ಇಂಜಿನಿಯರಿಂಗ್ ಹುಡುಗರ ಪಾಡು ಇನ್ನೂ ಕಷ್ಟ. ಅಲ್ಲಿ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ ಹಳೆಯ ನಂಬರು ಉಳಿದುಹೋದರೆ, ಬೇರೆ ಹೇಳದ ಹೊರತು ಒಂದೊಂದು ಸಲಕ್ಕೆ 5 ಸೆಕೆಂಡು ಕಾಯುವುದು ವಾಡಿಕೆ.

ಸರಿಪಡಿಸುವುದು ಬೇಳೆ ತೊಳೆದಷ್ಟೂ ಹೊತ್ತಿನ ಕೆಲಸವಲ್ಲ. ಮೊದಲು ಪರದೆಯ ಮೇಲಿರುವುದನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಬೇಕಾದರೆ ಮತ್ತೆ ಇದ್ದ ಹಾಗೆ ಮಾಡಬಹುದು. ಕಿಟಕಿ ಗುಂಡಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ಬರುವ ಪುಟ್ಟ ಚೌಕದಲ್ಲಿ ಎನ್, ಸಿ, ಪಿ, ಎ ಎಂದು ಬರೆದು, ಚುಕ್ಕಿ ಇಟ್ಟು, ಸಿ, ಪಿ, ಎಲ್ ಎಂದು ಬರೆಯಿರಿ. ವೈ-ಫೈ ಚಿತ್ರದ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್. ಅದರಲ್ಲಿ ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 4 ಎಂಬ ಸಾಲು, ಮತ್ತೆ ಪ್ರಾಪರ್ಟೀಸ್. ಕೆಳಗಿನ ಅರ್ಧದಲ್ಲಿ ಎರಡು ಸೊನ್ನೆಗಳಿರುತ್ತವೆ. ನಂಬರು ಬರೆದಿರುವ ಸೊನ್ನೆಯಿಂದ ತೆಗೆದು, "ಆಟೊಮ್ಯಾಟಿಕಲಿ" ಎಂದು ಕೊನೆಯಾಗುವ ಮೇಲಿನ ಸೊನ್ನೆಗೆ ಚುಕ್ಕೆ ಬರುವಂತೆ ಒತ್ತಿ ಓಕೆ ಮಾಡಿ. ಇನ್ನು ಮುಂದೆ ಲ್ಯಾಪ್‌ಟಾಪು ಹೋದ ಮನೆಯವರನ್ನೇ ಕೇಳುತ್ತದೆ.

ಮಗಳು ಓಕೆ ಒತ್ತಿ ಒಂದು ಅಂಗಡಿಯ ಪುಟ ತೆರೆದಳು, ಇನ್ನೊಂದು, ಮತ್ತೊಂದು. ಬಿಳಿ ಪರದೆ ಕಾಣಲೇ ಇಲ್ಲ. ಬೆಂಗಳೂರಿಗೆ ಹೋದ ಮೇಲೆ ಪಿ.ಜಿ.ಯಲ್ಲೂ ತೊಂದರೆಯಾಗಲಿಲ್ಲವೆಂದು ಫೋನು ಮಾಡಿದಳು. ಮುಂದಿನ ಸಲ ಬಂದಾಗ ಶುಕ್ರವಾರದ ಅವಳ ಲೆಕ್ಕ ಪಿ.ಜಿ.ಯ ದಿನಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಮ್ಯಾನೇಜರ್ ಮತ್ತೆ ಅನುಮತಿಯ ಮಾತೆತ್ತಲಿಲ್ಲ. ರಿಪೇರಿ ಚೀಟಿ ಸಕ್ಕರೆ ಡಬ್ಬದ ಕೆಳಗೇ ಇದೆ.

ಈ ಬಗೆಯ ತಡಕ್ಕೆ ಇದೊಂದೇ ಕಾರಣವೆಂದು ತಿಳಿಯಬಾರದು. ಕಛೇರಿಯ ಕೆಲಸಕ್ಕೆ ವಿಪಿಎನ್ ಎಂಬುದನ್ನು ಬಳಸುವವರಲ್ಲಿ ಬೇರೊಂದು ಬಗೆ ಕಾಣುತ್ತದೆ. ವಿಪಿಎನ್ ಎಂದರೆ ಮನೆಯಲ್ಲೇ ಕುಳಿತು ಕಛೇರಿಯ ಒಳಮನೆಗೆ ಹೋಗುವ ಸುರಂಗ. ಅದು ತೆರೆದಿರುವಷ್ಟು ಹೊತ್ತು ಹೆಸರು ಕೇಳಬೇಕಾದ್ದು ಕಛೇರಿಯ ಸರ್ವರನ್ನು. ಕೆಲಸ ಮುಗಿಯಿತೆಂದು ಡಿಸ್‌ಕನೆಕ್ಟ್ ಮಾಡದೆ ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿ ಎದ್ದುಹೋದರೆ, ಕೆಲವು ಸಲ ಸುರಂಗ ಕುಸಿದರೂ "ಕಛೇರಿಯವರನ್ನೇ ಕೇಳು" ಎಂಬ ಮಾತು ಉಳಿದುಬಿಡುತ್ತದೆ. ಮಾರನೆಯ ದಿನ ಬೇರೆ ವೈ-ಫೈನಲ್ಲಿ ತೆರೆದಾಗ ಒಂದು ಪುಟವೂ ಬೇಗ ಬಾರದು. ವಿಪಿಎನ್ ಮತ್ತೊಮ್ಮೆ ಸೇರಿಸಿ ಕ್ರಮವಾಗಿ ಬಿಡಿಸಿದರೆ, ಅಥವಾ ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕಛೇರಿಗಳು ಹೆಸರಿನ ಕೊನೆಗೆ ಮನೆತನದ ಹೆಸರಿನಂತೆ ಒಂದು ಬಾಲ ಸೇರಿಸಿ ಹುಡುಕುವ ಏರ್ಪಾಡನ್ನೂ ಇಟ್ಟಿರುತ್ತವೆ. ಚಿಕ್ಕ ಹೆಸರು ಬರೆದಾಗ ಲ್ಯಾಪ್‌ಟಾಪು ಆ ಬಾಲವನ್ನು ಅಂಟಿಸಿ ಮೊದಲು ಕೇಳಿ, ಇಲ್ಲವೆಂದ ಮೇಲೆ ಬೇರೆ ದಾರಿ ನೋಡುತ್ತದೆ. ಅಲ್ಲೂ ಹೊತ್ತು ಹೋಗುತ್ತದೆ.

ಹೋಟೆಲು, ಆಸ್ಪತ್ರೆ, ರೈಲು ನಿಲ್ದಾಣಗಳ ವೈ-ಫೈ ಸೇರಿದಾಗ ಮೊದಲು ಮೊಬೈಲ್ ನಂಬರು ಕೇಳಿ ಓಟಿಪಿ ಕಳಿಸುವ ಒಂದು ಪುಟ ಬರಬೇಕು. ಲ್ಯಾಪ್‌ಟಾಪಿನಲ್ಲಿ ಡಿಎನ್ಎಸ್ ನಂಬರು ಕೈಯಿಂದ ಬರೆದಿಟ್ಟಿದ್ದರೆ ಆ ಪುಟವೇ ಬಾರದೆ ಒದ್ದಾಡಿಸುವುದುಂಟು. ಬಾಗಿಲಲ್ಲಿ ಕುಳಿತವರಿಗೆ ಹೇಳದೆ ನೇರ ಒಳಗೆ ನುಗ್ಗುವವರನ್ನು ತಡೆದಂತೆ, ಆ ಜಾಲದವರು ಹೊರಗಿನ ಸರ್ವರನ್ನು ಕೇಳುವುದಕ್ಕೇ ಬಿಡುವುದಿಲ್ಲ. ಬ್ರೌಸರಿನಲ್ಲಿ ಸೆಕ್ಯೂರ್ ಡಿಎನ್ಎಸ್ ಎಂಬುದಕ್ಕೆ ಒಬ್ಬ ಸರ್ವರನ್ನು ಗೊತ್ತುಮಾಡಿ ಇಟ್ಟವರೂ ಇದನ್ನು ನೆನಪಿಡಬೇಕು.

ಇಂಥ ದೂರಿಗೆ ಎಲ್ಲರೂ ಮೊದಲು ಹೇಳುವ ಮನೆಮದ್ದು "ಫ್ಲಶ್ ಮಾಡಿ" ಎಂಬುದು. ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ ಬರೆದು, ಆಲ್ ಎಂಬುದರ ಬದಲು ಫ್ಲಶ್‌ಡಿಎನ್ಎಸ್ ಎಂದು ಕೂಡಿಸಿ ಬರೆದರೆ, ಲ್ಯಾಪ್‌ಟಾಪು ಕೇಳಿ ತಿಳಿದು ನೆನಪಿಟ್ಟುಕೊಂಡಿದ್ದ ಹಳೆಯ ಉತ್ತರಗಳೆಲ್ಲ ಅಳಿಸಿಹೋಗುತ್ತವೆ. ನನ್ನ ಮಟ್ಟಿಗೆ ಇದು ಎಲ್ಲ ಕೆಮ್ಮಿಗೂ ಒಂದೇ ಕಷಾಯ ಕುಡಿಸಿದ ಹಾಗೆ. ತಾಣವೊಂದು ತನ್ನ ನಂಬರು ಬದಲಾಯಿಸಿದ್ದು ಗೊತ್ತಾಗದೆ ಹಳೆಯ ನಂಬರಿಗೇ ಹೋಗುತ್ತಿದ್ದರೆ ಇದರಿಂದ ಗುಣವಾಗುತ್ತದೆ. ಕೇಳುವ ವ್ಯಕ್ತಿಯೇ ತಪ್ಪಾಗಿದ್ದರೆ, ಇದ್ದಬದ್ದ ಉತ್ತರಗಳನ್ನೂ ಅಳಿಸಿ ಮತ್ತೆ ಅವನನ್ನೇ ಕೇಳಲು ಕಳಿಸಿದಂತಾಗುತ್ತದೆ, ಅಷ್ಟೆ.

8.8.8.8 ಅಥವಾ ಕ್ಲೌಡ್‌ಫ್ಲೇರ್ ಕಂಪನಿ 2018ರಲ್ಲಿ ಶುರುಮಾಡಿದ 1.1.1.1 ಎಂಬ ನಂಬರನ್ನೇ ಎರಡೂ ಜಾಗದಲ್ಲಿ ಕಾಯಮ್ಮಾಗಿ ಬರೆದುಬಿಟ್ಟರಾಗದೇ ಎಂದು ಕೆಲವರು ಕೇಳುತ್ತಾರೆ. ಬರೆಯಬಹುದು; ಅವು ಮನೆಯೊಳಗಿನ ನಂಬರುಗಳಲ್ಲ, ಎಲ್ಲ ಊರಿನಲ್ಲೂ ಸಿಗುತ್ತವೆ. ಆದರೆ ಕಛೇರಿಯ ಒಳಗಿನ ಹೆಸರುಗಳು ಅವರಿಗೆ ಗೊತ್ತಿರುವುದಿಲ್ಲ, ಹೋಟೆಲಿನ ಓಟಿಪಿ ಪುಟದ ತಕರಾರು ಬೇರೆ. ಅಲ್ಲದೆ ನೀವು ಯಾವ ಯಾವ ಹೆಸರು ಕೇಳಿದಿರಿ ಎಂಬುದೆಲ್ಲ ಅವರ ಕಿವಿಗೆ ಬೀಳುತ್ತದೆ. ಓಡಾಡುವ ಲ್ಯಾಪ್‌ಟಾಪಿಗೆ ತಾನಾಗಿ ತಿಳಿದುಕೊಳ್ಳುವ ಏರ್ಪಾಡೇ ವಾಸಿ ಎಂಬುದು ನನ್ನ ಅನಿಸಿಕೆ.

ಇದಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆ ಉಂಟು. ಆ ಎರಡು ಸಾಲಿನಲ್ಲಿ ನಿಮಗಾರಿಗೂ ಗುರುತಿಲ್ಲದ ನಂಬರು ಕಂಡರೆ ಉದಾಸೀನ ಮಾಡಬೇಡಿ. ಹೆಸರಿಗೆ ನಂಬರು ಹೇಳುವವನೇ ಕಳ್ಳನಾದರೆ, ನೀವು ಬ್ಯಾಂಕಿನ ಹೆಸರನ್ನು ಸರಿಯಾಗಿ ಬರೆದರೂ ಅವನು ಬೇರೆ ಬಾಗಿಲಿಗೆ ಕಳಿಸಬಲ್ಲ. ಇದು ಕಲ್ಪನೆಯ ಮಾತಲ್ಲ. ಡಿಎನ್ಎಸ್ ಚೇಂಜರ್ ಎಂಬ ದುಷ್ಟ ಪ್ರೋಗ್ರಾಮು ಲೋಕದ ಲಕ್ಷಗಟ್ಟಲೆ ಕಂಪ್ಯೂಟರುಗಳಲ್ಲಿ ಈ ಸಾಲನ್ನೇ ತಿದ್ದಿತ್ತು. 2011ರ ನವೆಂಬರಿನಲ್ಲಿ ಎಸ್ಟೋನಿಯಾ ದೇಶದಲ್ಲಿ ಅದರ ಜನರನ್ನು ಹಿಡಿದರು. ಕಳ್ಳ ಸರ್ವರುಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅವನ್ನೇ ನಂಬಿದ್ದ ಅಮಾಯಕರ ಇಂಟರ್‌ನೆಟ್ಟೆಲ್ಲ ನಿಂತುಹೋಗುತ್ತದೆಂದು, ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರುಗಳನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. "ನಿಮ್ಮ ನೆಟ್ ಸ್ಪೀಡ್ ಮಾಡಿಕೊಡುತ್ತೇವೆ" ಎಂದು ಗುರುತಿಲ್ಲದವರು ಫೋನು ಮಾಡಿ, ಯಾವುದೋ ಆಪ್ ಹಾಕಿಸಿ, ದೂರದಿಂದಲೇ ಲ್ಯಾಪ್‌ಟಾಪಿನೊಳಗೆ ಕೈಹಾಕಲು ಬಂದರೆ ಮುಲಾಜಿಲ್ಲದೆ ಫೋನು ಇಡಿ.

ಲ್ಯಾಪ್‌ಟಾಪು ಕಛೇರಿಯದೇ ಆಗಿದ್ದರೆ ಏನನ್ನೂ ಬದಲಾಯಿಸಲು ಹೋಗಬೇಡಿ, ಬಹಳ ಕಡೆ ಅದಕ್ಕೆ ಬೀಗವನ್ನೂ ಹಾಕಿರುತ್ತಾರೆ. ಆದರೆ ನೋಡುವುದಕ್ಕೆ ಅಡ್ಡಿಯಿಲ್ಲ. ಪಿಂಗ್, ಎನ್ಎಸ್‌ಲುಕಪ್, ಐಪಿಕಾನ್ಫಿಗ್ ಮೂರರ ಫೋಟೋ ತೆಗೆದು ಕಛೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಕಳಿಸಿ, "ನಂಬರು ಕೊಟ್ಟರೆ ತಕ್ಷಣ ಉತ್ತರ ಬರುತ್ತದೆ, ಹೆಸರು ಕೊಟ್ಟರೆ ಟೈಮ್‌ಔಟ್ ಆಗುತ್ತದೆ, ಡಿಎನ್ಎಸ್ ಸಾಲಿನಲ್ಲಿ ಈ ನಂಬರು ಇದೆ" ಎಂದು ಮಕ್ಕಳಿಂದ ಒಂದು ವಾಕ್ಯ ಬರೆಸಿ. "ನೆಟ್ ಸ್ಲೋ ಇದೆ" ಎಂದು ಬರೆದರೆ ರೀಸ್ಟಾರ್ಟ್ ಮಾಡಿ ಎಂಬ ಉತ್ತರ ಬರುತ್ತದೆ. ಹೀಗೆ ಬರೆದರೆ ಅವರೇ ಫೋನು ಮಾಡುತ್ತಾರೆ.